1908ರ ಬೇಸ್‌ಬಾಲ್ ಪಿಚರ್‌ಗಳು: ವಾಲ್ಶ್ ದೊಡ್ಡವನೋ, ಜಾಸ್ ದೊಡ್ಡವನೋ?

ಅಮೆರಿಕದಲ್ಲಿ ಹಳೆಯ ಬೇಸ್‌ಬಾಲ್ ಮಾತು ಶುರುವಾದರೆ 1908 ಬಂದೇ ಬರುತ್ತದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಆ ವರ್ಷದ ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಅಂಕಿಗಳು ಮೊದಲಿಗೆ ನಂಬುವಂತೆಯೇ ಇರುವುದಿಲ್ಲ. ಓದುವ ಕ್ರಮ ತಿಳಿದರೆ ರುಚಿ ಹತ್ತುತ್ತದೆ.

ಮೊದಲು ಇಆರ್‌ಎ, ಅಂದರೆ ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್. ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ಒಂದು ತಂಡದ ಇನ್ನಿಂಗ್ಸ್ ಮುಗಿಯಿತು, ಪಂದ್ಯಕ್ಕೆ ಅಂಥ ಒಂಬತ್ತು. ಇದು ನಮ್ಮ ಬೌಲಿಂಗ್ ಸರಾಸರಿಯ ಹಾಗಲ್ಲ, ವಿಕೆಟ್ಟಿನ ಲೆಕ್ಕ ಇದರಲ್ಲಿಲ್ಲ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು ಉಳಿದದ್ದನ್ನು 9ರಿಂದ ಗುಣಿಸಿ, ಎಸೆದ ಇನ್ನಿಂಗ್ಸ್‌ಗಳಿಂದ ಭಾಗಿಸಬೇಕು. ಕ್ಲೀವ್‌ಲ್ಯಾಂಡ್‌ನ ಆಡಿ ಜಾಸ್ 325 ಇನ್ನಿಂಗ್ಸ್‌ನಲ್ಲಿ ಅಂಥ 42 ರನ್ ಕೊಟ್ಟ: 1.16. ಶಿಕಾಗೋ ವೈಟ್ ಸಾಕ್ಸ್‌ನ ಎಡ್ ವಾಲ್ಶ್ 464 ಇನ್ನಿಂಗ್ಸ್‌ನಲ್ಲಿ 73: 1.42. ಇಬ್ಬರೂ ಅಮೆರಿಕನ್ ಲೀಗ್‌ನವರು; ಇನ್ನೊಂದು ನ್ಯಾಷನಲ್ ಲೀಗ್. ಆಗಿನ್ನೂ ಎರಡೂ ಲೀಗ್‌ಗಳು ಈ ಲೆಕ್ಕ ಇಡುತ್ತಿರಲಿಲ್ಲ. ಇವೆಲ್ಲ ಹಳೆಯ ಸ್ಕೋರ್ ಹಾಳೆಗಳಿಂದ ಆಮೇಲೆ ತೆಗೆದ ಅಂಕಿಗಳು.

ಇಷ್ಟು ಕಡಿಮೆ ಹೇಗೆ? ಮುಖ್ಯ ಕಾರಣ ಚೆಂಡು. ಕಾರ್ಕ್ ತಿರುಳಿನ ಚೆಂಡು ಬಳಕೆಗೆ ಬಂದದ್ದು 1910ರ ಸುಮಾರಿಗೆ. ಅದಕ್ಕೂ ಮುಂಚಿನ ರಬ್ಬರ್ ತಿರುಳಿನ ಚೆಂಡು ಎಷ್ಟು ಬಲವಾಗಿ ಹೊಡೆದರೂ ದೂರ ಹೋಗುತ್ತಿರಲಿಲ್ಲ. ಅದೂ ಒಂದೇ ಚೆಂಡನ್ನು ಬಹಳ ಹೊತ್ತು ಆಡಿಸುತ್ತಿದ್ದರು. ಹೊತ್ತು ಹೋದಂತೆ ಮಣ್ಣು, ಎಂಜಲು, ತಂಬಾಕಿನ ರಸ ಹತ್ತಿ ಕಪ್ಪಾಗಿ ಮೆತ್ತಗಾಗುತ್ತಿತ್ತು. 18.44 ಮೀಟರ್ ದೂರದಿಂದ ಬರುವ ಕಪ್ಪು ಚೆಂಡನ್ನು ಸಂಜೆ ಬೆಳಕಿನಲ್ಲಿ ಗುರುತಿಸುವುದೇ ಕಷ್ಟ. ಆ ವರ್ಷ ಎರಡೂ ಲೀಗ್‌ಗಳ ಬ್ಯಾಟಿಂಗ್ ಸರಾಸರಿ .239ಕ್ಕೆ ಇಳಿದಿತ್ತು, ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 239 ಹಿಟ್ (ಹೊಡೆದು ಬೇಸ್ ಸೇರುವುದು).

ವಾಲ್ಶ್‌ನ ಅಸ್ತ್ರ ಸ್ಪಿಟ್‌ಬಾಲ್, ಎಂದರೆ ಎಂಜಲು ಸವರಿದ ಚೆಂಡಿನ ಎಸೆತ, ಆಗ ಅದು ನಿಯಮಕ್ಕೆ ವಿರುದ್ಧವಲ್ಲ. ಎಲ್ಮ್ ಜಾತಿಯ ಮರದ ತೊಗಟೆ ಅಗಿದರೆ ಲೋಳೆ ಬರುತ್ತದೆ. ಎರಡು ಬೆರಳು ಕೂರುವ ಕಡೆ, ಹೊಲಿಗೆಯಿಲ್ಲದ ಜಾಗಕ್ಕೆ ಅದನ್ನು ಸವರುವುದು. ಹೆಬ್ಬೆರಳು ಮಾತ್ರ ಒಣಗಿದ್ದು ಹೊಲಿಗೆಯ ಮೇಲೆ ಇರಬೇಕು. ವೇಗವಾಗಿ ಎಸೆದಾಗ, ಚೀಪಿದ ಮಾವಿನ ಗೊರಟು ಬೆರಳ ಸಂದಿಯಿಂದ ಪುಳಕ್ಕನೆ ಜಾರುವಂತೆ ಚೆಂಡು ಹೊರಡುತ್ತದೆ. ಸಾಮಾನ್ಯ ಎಸೆತದಲ್ಲಿ ಬೆರಳು ಕೊಡುವ ಹಿಮ್ಮುಖ ಸುತ್ತು ಚೆಂಡನ್ನು ಬೀಳದಂತೆ ಸ್ವಲ್ಪ ತಡೆಯುತ್ತದೆ. ಇಲ್ಲಿ ಆ ಸುತ್ತಿಲ್ಲ. ಬ್ಯಾಟರ್ ಹತ್ತಿರ ಬರುವಾಗ ಚೆಂಡು ಕುಸಿಯುತ್ತದೆ. ಲೋಳೆ ಸಾಲದಿದ್ದರೆ ಸುತ್ತು ಉಳಿದು ನೇರ ಚೆಂಡಾಗುತ್ತದೆ, ಹೊಡೆಸಿಕೊಳ್ಳುತ್ತದೆ. ಹೆಚ್ಚಾದರೆ ಎತ್ತ ಹೋಗುತ್ತದೋ ಪಿಚರ್‌ಗೂ ಗೊತ್ತಿಲ್ಲ. ಅದನ್ನೇ ಎತ್ತಿಕೊಂಡು ಎಸೆಯುವ ಫೀಲ್ಡರ್‌ನ ಕೈಯೂ ಜಾರುತ್ತದೆ. 1920ರಲ್ಲಿ ಇದನ್ನು ನಿಷೇಧಿಸಿದರು, ಆಗಲೇ ಇದನ್ನೇ ನೆಚ್ಚಿಕೊಂಡಿದ್ದ ಕೆಲವರಿಗೆ ಮಾತ್ರ ವಿನಾಯಿತಿ. ಇದೇ ಎಸೆತದಿಂದ ವಾಲ್ಶ್ ಆ ವರ್ಷ 40 ಪಂದ್ಯ ಗೆದ್ದ. ಆಮೇಲೆ ಯಾರೂ ಅಷ್ಟು ಗೆದ್ದಿಲ್ಲ.

ನ್ಯಾಷನಲ್ ಲೀಗ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಕ್ರಿಸ್ಟಿ ಮ್ಯಾಥ್ಯೂಸನ್ 37 ಗೆದ್ದ, ಇಆರ್‌ಎ 1.43. ಶಿಕಾಗೋ ಕಬ್ಸ್‌ನ ಮೊರ್ಡೆಕಾಯ್ ಬ್ರೌನ್ 29 ಗೆಲುವು, 1.47. ಚಿಕ್ಕವನಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬ್ರೌನ್‌ನ ಬಲಗೈ ತೋರುಬೆರಳು ಬಹುಪಾಲು ಹೋಗಿತ್ತು, ನಡುಬೆರಳು ಸೊಟ್ಟಗಿತ್ತು. ಆ ಮೋಟು ಬೆರಳೇ ಚೆಂಡಿಗೆ ಬೇರೆಯವರಿಗೆ ಬಾರದ ತಿರುವು ಕೊಟ್ಟಿತು. ಪೋಲಿಯೋದಿಂದ ಸೊರಗಿದ ಕೈಯಲ್ಲೇ ಬೌಲ್ ಮಾಡಿದ ನಮ್ಮ ಬಿ.ಎಸ್. ಚಂದ್ರಶೇಖರ್ ಅವರನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಅಕ್ಟೋಬರ್ 8ರಂದು ನ್ಯೂಯಾರ್ಕ್‌ನಲ್ಲಿ ನಡೆದ, ಲೀಗ್ ಪಟ್ಟ ನಿರ್ಧರಿಸಿದ ಪಂದ್ಯದಲ್ಲಿ ಮೊದಲ ಇನ್ನಿಂಗ್ಸ್‌ನಲ್ಲೇ ಚೆಂಡು ಕೈಗೆತ್ತಿಕೊಂಡ ಬ್ರೌನ್, ಮ್ಯಾಥ್ಯೂಸನ್‌ನ ತಂಡವನ್ನು 4–2ರಿಂದ ಮಣಿಸಿದ.

ಆದರೆ ಇಡೀ ಋತುವಿನಲ್ಲಿ ಒಂದೇ ಪಂದ್ಯ ಆರಿಸಿ ಎಂದರೆ ಅಕ್ಟೋಬರ್ 2ರದ್ದು. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಶಿಕಾಗೋ ಮೂರೂ ಅಮೆರಿಕನ್ ಲೀಗ್ ಪಟ್ಟಕ್ಕೆ ಪೈಪೋಟಿಯಲ್ಲಿದ್ದ ವಾರ ಅದು. ಮೂರು ದಿನ ಮುಂಚೆ ವಾಲ್ಶ್ ಒಂದೇ ದಿನ ಎರಡು ಪೂರ್ತಿ ಪಂದ್ಯ ಎಸೆದು ಎರಡನ್ನೂ ಗೆದ್ದಿದ್ದ. ಅಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅವನು 15 ಮಂದಿಯನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿ, ನಾಲ್ಕೇ ಹಿಟ್, ಒಂದೇ ರನ್ ಕೊಟ್ಟ. ಆ ಒಂದು ರನ್ನಿಗೇ ಸೋತ. ಎದುರಿಗೆ ಜಾಸ್ 27 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ್ದ. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಇದನ್ನೇ ಪರ್ಫೆಕ್ಟ್ ಗೇಮ್ ಅನ್ನುವುದು. ಎಸೆತಗಳು ಬರೀ 74. ಬ್ಯಾಟರ್‌ಗೆ ಬೆನ್ನು ಕಾಣುವಷ್ಟು ತಿರುಗಿ, ಪಕ್ಕದಿಂದ ಬೀಸಿ ಎಸೆಯುತ್ತಿದ್ದ ಜಾಸ್‌ನ ಚೆಂಡು ಕೈ ಬಿಡುವವರೆಗೂ ಕಾಣುತ್ತಿರಲಿಲ್ಲ.

ಆ ಮಧ್ಯಾಹ್ನ ಜಾಸ್‌ನದು, ಸಂಶಯವೇ ಇಲ್ಲ. ಆದರೂ ಋತುವಿನ ಶ್ರೇಷ್ಠ ಪಿಚರ್ ಪಟ್ಟ ವಾಲ್ಶ್‌ಗೇ ಸಲ್ಲಬೇಕು. 139 ಇನ್ನಿಂಗ್ಸ್ ಹೆಚ್ಚು ಎಸೆದೂ ಅವನ ಇಆರ್‌ಎ ಜಾಸ್‌ಗಿಂತ ಕಾಲು ರನ್ ಮಾತ್ರ ಮೇಲೆ. ಇಬ್ಬರೂ ಇಂದು ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಬೇಸ್‌ಬಾಲ್ ದಿಗ್ಗಜರ ಗೌರವಾಲಯ ಅದು. ಜಾಸ್ 1911ರ ಏಪ್ರಿಲ್‌ನಲ್ಲಿ, 31ನೇ ವಯಸ್ಸಿನಲ್ಲಿ, ಮೆದುಳಿನ ಪೊರೆಗೆ ತಗುಲಿದ ಕ್ಷಯದಿಂದ ತೀರಿಕೊಂಡ. ಅಲ್ಲಿ ಸೇರಲು ಹತ್ತು ಋತು ಆಡಿರಬೇಕು. ಅವನು ಆಡಿದ್ದು ಒಂಬತ್ತು. ನಿಯಮ ಸಡಿಲಿಸಿ 1978ರಲ್ಲಿ ಸೇರಿಸಿದರು.

ಕ್ಲೀವ್‌ಲ್ಯಾಂಡ್ ಕಡೆ ಬಂದರೆ ಆ ಪಂದ್ಯ ನಡೆದ ಲೀಗ್ ಪಾರ್ಕ್ ನೋಡಿ: ಪೂರ್ವ 66ನೇ ಬೀದಿ ಲೆಕ್ಸಿಂಗ್ಟನ್ ಅವೆನ್ಯೂ ಕೂಡುವ ಮೂಲೆ. 1908ರ ಮರದ ಗ್ಯಾಲರಿ ಈಗಿಲ್ಲ. ಆಮೇಲೆ ಕಟ್ಟಿದ ಟಿಕೆಟ್ ಕಟ್ಟಡ ಉಳಿದಿದೆ, ಪಕ್ಕದಲ್ಲೇ ಮೈದಾನ.