ಮಷೀನೇ ಮಾಡತೈತಲ್ರೀ, ನಿಮ್ಮದೇನು ಕೆಲಸ?

ಮರದ ತುಣುಕುಗಳ ನಡುವೆ ಹಿತ್ತಾಳೆಯ ತಗಡು ಕೂಡಿಸಿ, ಅಂಟಿಸಿ, ತುಂಡನ್ನು ಗರಗರ ತಿರುಗಿಸುವ ಲೇಥ್ ಯಂತ್ರದಲ್ಲಿ ಕಡೆದು ನಾನು ಪೆನ್ನು ಮಾಡುತ್ತೇನೆ. ಬೆಳಗಾವಿಯಲ್ಲಿ ಇದನ್ನು ಹೇಳಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಲೇಥ್ ಮ್ಯಾಲ ಅಂದ್ರ ಮಷೀನೇ ಮಾಡತೈತಲ್ರೀ, ಅದರಾಗ ನಿಮ್ಮ ಕೈಕೆಲಸ ಏನ್ ಬಂತು?" ಬೇರೆ ಊರಿನಲ್ಲಿ ಇದನ್ನು ಇಷ್ಟು ಗಟ್ಟಿ ದನಿಯಲ್ಲಿ ಕೇಳಲಿಕ್ಕಿಲ್ಲ. ಇದು ಉದ್ಯಮಬಾಗ ಎಂಬ ಕೈಗಾರಿಕಾ ಪ್ರದೇಶ ಇರುವ ಊರು. ಯಾರದೋ ಅಣ್ಣ ಫೌಂಡ್ರಿಯಲ್ಲಿದ್ದಾನೆ, ಯಾರದೋ ಭಾವ ಮಷೀನ್ ಶಾಪ್ ನಡೆಸುತ್ತಾನೆ, ಹೀಗಾಗಿ ಲೇಥಿನ ಬಗ್ಗೆ ತೀರ್ಪು ಕೊಡುವ ಅಧಿಕಾರ ಇಲ್ಲಿ ಎಲ್ಲರಿಗೂ ಹುಟ್ಟಿನಿಂದಲೇ ಬಂದಿದೆ.

ಉತ್ತರವನ್ನು ಒಮ್ಮೆ ಬರೆದಿಡುತ್ತೇನೆ. ಉದ್ಯಮಬಾಗದ ಲೇಥಿನಲ್ಲಿ ಕತ್ತರಿಸುವ ಟೂಲನ್ನು ಟೂಲ್ ಪೋಸ್ಟಿಗೆ ಬಿಗಿದಿರುತ್ತಾರೆ, ಅದನ್ನು ಹೊತ್ತ ಕ್ಯಾರೇಜು ಹಳಿಯ ಮೇಲೆ ನೇರವಾಗಿ ಸರಿಯುತ್ತದೆ, ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನು ಡಯಲ್ ತೋರಿಸುತ್ತದೆ. ಮರ ಕಡೆಯುವ ನನ್ನ ಲೇಥಿನಲ್ಲಿ ಕ್ಯಾರೇಜೂ ಇಲ್ಲ, ಡಯಲೂ ಇಲ್ಲ. ಉಳಿಯನ್ನು ಆನಿಸಲು ಒಂದು ಕಬ್ಬಿಣದ ಅಡ್ಡಪಟ್ಟಿ ಇದೆ, ಉಳಿ ನನ್ನ ಕೈಯಲ್ಲಿದೆ, ಪೆನ್ನಿನ ಹೊಟ್ಟೆ ಎಲ್ಲಿ ಉಬ್ಬಬೇಕು ಎಂಬುದನ್ನು ನನ್ನ ಮಣಿಕಟ್ಟು ತೀರ್ಮಾನಿಸುತ್ತದೆ. ಮೋಟರು ಮರವನ್ನು ತಿರುಗಿಸುತ್ತದೆ, ಅಷ್ಟೆ. ಇಷ್ಟಾದ ಮೇಲೂ "ಆದ್ರೂ ಮೋಟರ್ ಐತಲ್ಲ" ಎನ್ನುವವರ ಮನೆಯಲ್ಲಿ ಹೋಳಿಗೆಯ ಹೂರಣವನ್ನು ಮಿಕ್ಸರಿನಲ್ಲಿಯೇ ರುಬ್ಬುತ್ತಾರೆ. ಅದನ್ನು ಮಷೀನ್ ಹೋಳಿಗೆ ಎಂದು ಕರೆದು ನೋಡಲಿ. ಅಂದ ಹಾಗೆ, ರೀಫಿಲ್ಲು, ತಿರುಗಿಸಿದರೆ ಮೊನೆ ಹೊರಬರುವ ಯಂತ್ರ, ಕ್ಲಿಪ್ಪು, ಇವೆಲ್ಲ ಕಾರ್ಖಾನೆಯವು, ನಾನು ಕೊಂಡು ತರುವಂಥವು. ಆದ್ದರಿಂದ "ಚಂದ ಬರೀತೈತೇನು?" ಎಂಬುದನ್ನೂ ನನಗೆ ಕೇಳಬೇಡಿ.

ಬೈಲಹೊಂಗಲದ ಒಂದು ಮದುವೆಯಲ್ಲಿ, ಮುಂದಿನ ಪಂಕ್ತಿಗಾಗಿ ಕಾಯುತ್ತ ಕುಳಿತಿದ್ದಾಗ, ದೂರದ ಸಂಬಂಧದ ಕಾಕಾ ಒಬ್ಬರು ನನ್ನ ಜೇಬಿನಿಂದ ಪೆನ್ನನ್ನು ತಾವೇ ತೆಗೆದುಕೊಂಡರು. ಸ್ವಂತ ಮಷೀನ್ ಶಾಪ್ ಇರುವ ಮನುಷ್ಯ. ಕನ್ನಡಕ ಹಣೆಗೇರಿಸಿ, ಪೆನ್ನಿನ ಸುತ್ತ ಒಂದರೊಳಗೊಂದು ಹೆಣೆದುಕೊಂಡಿದ್ದ ಹಿತ್ತಾಳೆಯ ಬಳೆಗಳನ್ನು ನೋಡಿ, "ಸ್ಟಿಕರ್ ಏನೋ ತಮ್ಮಾ ಇದು?" ಎಂದರು. ಅಲ್ಲ ಕಾಕಾ ಎಂದೆ. "ಇಂಥಾವು ಸಿ.ಎನ್.ಸಿ.ಗೆ ಹಚ್ಚಿದ್ರ ದಿನಕ್ಕ ನೂರಾರು ತಗದು ಒಗಿತೀನಿ" ಎಂದರು.

ತೆಗೆಯಲಿ. ಆದರೆ ಸಿ.ಎನ್.ಸಿ., ಅಂದರೆ ಕಂಪ್ಯೂಟರ್ ಹೇಳಿದಂತೆ ನಡೆಯುವ ಯಂತ್ರ, ಕಡೆಯುವುದು ತನಗೆ ಕೊಟ್ಟ ತುಂಡನ್ನು; ಆ ತುಂಡನ್ನು ಕಟ್ಟುವುದರಲ್ಲಿಯೇ ಕೆಲಸವೆಲ್ಲ ಇದೆ. ಕಾಕಾ ನೋಡಿದ ಬಳೆಗಳಲ್ಲಿ ಒಂದನ್ನೂ ನಾನು ಬಗ್ಗಿಸಿ ಮಾಡಿಲ್ಲ. ಎರಡು ಸೆಂಟಿಮೀಟರ್ ದಪ್ಪದ ಚೌಕ ಮರದ ತುಂಡನ್ನು 45 ಡಿಗ್ರಿ ಓರೆಯಲ್ಲಿ, ಪೂರ್ತಿ ತುಂಡಾಗದಂತೆ ಸ್ವಲ್ಪ ಉಳಿಸಿ ಕೊಯ್ಯಬೇಕು. ಆ ಸೀಳಿನಲ್ಲಿ ಚಪ್ಪಟೆ ತಗಡನ್ನು ಅಂಟಿಸಿ, ಅಂಟು ಒಣಗಿದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಅದೇ ಜಾಗದಲ್ಲಿ ಮತ್ತೆ ಕೊಯ್ಯಬೇಕು. ಹೀಗೆ ನಾಲ್ಕೂ ಮಗ್ಗುಲಿಗೆ. ದುಂಡಗಿನ ಕೋಲಿನೊಳಗೆ ಓರೆಯಾಗಿ ನಿಂತ ಚಪ್ಪಟೆ ತಗಡಿನ ಅಂಚು ಹೊರಮೈಯಲ್ಲಿ ದೀರ್ಘವೃತ್ತವಾಗಿ ಕಾಣುತ್ತದೆ, ನಾಲ್ಕು ಸೇರಿದರೆ ಹೆಣಿಗೆಯಾಗುತ್ತದೆ. ಗರಗಸ ತಿಂದ ಸೀಳಿನ ಅಗಲಕ್ಕೆ ತುಂಬಿದ ಪಟ್ಟಿಯ ದಪ್ಪ ಸರಿಸಮ ಇರದಿದ್ದರೆ ಬಳೆಗಳು ಒಂದಕ್ಕೊಂದು ಸೇರುವುದಿಲ್ಲ. ಗರಗಸ ಎರಡು ಮಿಲಿಮೀಟರ್ ತಿನ್ನುವುದಾದರೆ ಅರ್ಧ ಮಿಲಿಮೀಟರಿನ ಎರಡು ಹಿತ್ತಾಳೆ ತಗಡುಗಳ ನಡುವೆ ಒಂದು ಮಿಲಿಮೀಟರಿನ ಮರದ ಪಟ್ಟಿ ಇಟ್ಟು ಲೆಕ್ಕ ಸರಿದೂಗಿಸುತ್ತೇನೆ. "ಬಿದರಿ ಕೆಲಸ ಇದ್ದಂಗ" ಎಂದು ಹೊಗಳುವವರಿದ್ದಾರೆ, ಅವರಿಗೂ ಇದೇ ಉತ್ತರ: ಬಿದರಿಯಲ್ಲಿ ಸತುವು ಮತ್ತು ತಾಮ್ರದ ಎರಕದ ಮೇಲೆ ಗೀರು ಕೆತ್ತಿ, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ, ಲೋಹ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಮರ ಹಿತ್ತಾಳೆಯನ್ನು ಹಾಗೆ ಹಿಡಿಯುವುದಿಲ್ಲ, ಇಲ್ಲಿ ಎಲ್ಲವೂ ಅಂಟಿನ ಮೇಲೆ ನಿಂತಿದೆ.

ಇದನ್ನೆಲ್ಲ ಮದುವೆ ಮನೆಯಲ್ಲಿ ಹೇಳಲಿಲ್ಲ. ಕಾಕಾ ಅಷ್ಟರಲ್ಲಿ ಹೆಬ್ಬೆರಳಿನ ಉಗುರನ್ನು ಪೆನ್ನಿನ ಉದ್ದಕ್ಕೂ ಎಳೆದು, ಹಿತ್ತಾಳೆಯ ಗೆರೆಯ ಹತ್ತಿರ ನಿಲ್ಲಿಸಿ, "ಇಲ್ಲಿ ಉಗರಿಗೆ ಹತ್ತತೈತಿ ನೋಡು" ಎಂದರು. ತಪ್ಪು ಹಿಡಿದ ಖುಷಿ ಅವರಿಗೆ. ನನಗೂ ಖುಷಿಯೇ ಆಯಿತು, ಏಕೆಂದರೆ ಜನ ಕೇಳಬೇಕಾದ ಪ್ರಶ್ನೆ ಅಲ್ಲಿಯೇ ಇದೆ: ಮಳೆಗಾಲಕ್ಕೂ ಬೇಸಿಗೆಗೂ ಈ ಎರಡು ವಸ್ತು ಹೇಗೆ ಹೊಂದಿಕೊಂಡು ಇರುತ್ತವೆ?

ಪೂರ್ತಿ ಹೊಂದಿಕೊಂಡು ಇರುವುದಿಲ್ಲ. ಮರ ತೇವ ಹೀರಿದರೆ ಅಡ್ಡಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಬಹುತೇಕ ಹಾಗೆಯೇ ಇರುತ್ತದೆ. ಹಿತ್ತಾಳೆಗೆ ತೇವದ ಪರಿವೆಯೇ ಇಲ್ಲ. ಬೆಳಗಾವಿಯ ಜುಲೈ ತಿಂಗಳಲ್ಲಿ ಮರ ಹಿತ್ತಾಳೆಗಿಂತ ಮೇಲೆದ್ದಿರುತ್ತದೆ, ವಿಜಯಪುರದ ಏಪ್ರಿಲ್‌ನಲ್ಲಿ ಹಿತ್ತಾಳೆ ಮರಕ್ಕಿಂತ ಮೇಲೆದ್ದಿರುತ್ತದೆ. ವ್ಯತ್ಯಾಸ ಮೈಕ್ರೋಮೀಟರಿನಲ್ಲಿ ಅಳೆಯುವಷ್ಟು ಸಣ್ಣದು, ಉಗುರಿಗೆ ಅದು ಸಾಕು. ಇದಕ್ಕಿಂತ ದೊಡ್ಡ ಅಪಾಯ ಒಳಗಿದೆ. ಪೆನ್ನಿನೊಳಗೆ ಏಳು ಮಿಲಿಮೀಟರಿನ ಹಿತ್ತಾಳೆ ಕೊಳವೆ ಇರುತ್ತದೆ, ಅದರ ಮೇಲೆ ಉಳಿಯುವ ಮರದ ಗೋಡೆ ತೀರ ತೆಳುವು. ಬೇಸಿಗೆಯಲ್ಲಿ ಮರ ಕುಗ್ಗಲು ನೋಡಿದಾಗ ಕೊಳವೆ ಜಾಗ ಬಿಡುವುದಿಲ್ಲ, ಆಗ ಮರ ಎಳೆಯ ಗುಂಟ ಸೀಳುತ್ತದೆ. ಆದ್ದರಿಂದ ತುಂಡುಗಳನ್ನು ವರ್ಷಗಟ್ಟಲೆ ಒಣಗಲು ಇಡುತ್ತೇನೆ, ತೇವ ಬೇಗ ಹೊಗುವ ಎರಡೂ ತುದಿಗಳ ಕತ್ತರಿಸಿದ ಮೈಗೆ ತೆಳುವಾದ ಅಂಟು ಕುಡಿಸುತ್ತೇನೆ. ಎಣ್ಣೆಯಂಶವಿರುವ ಬೀಟೆಯನ್ನು ಅಸಿಟೋನಿನಿಂದ ಒರೆಸದೆ ಅಂಟಿಸುವುದಿಲ್ಲ. ತಗಡಿನ ಸಂದಿಗೆ ಫೆವಿಕ್ವಿಕ್ ಹಾಕುವುದಿಲ್ಲ, ಅದು ಗಡಸು, ಸ್ವಲ್ಪ ಎಳೆದಾಟಕ್ಕೆ ಬಿರಿದುಬಿಡುತ್ತದೆ. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಆಗಬೇಕು, ಅದೂ ಇಡೀ ದಿನ ಒಣಗಬೇಕು. ಹಲಸಿನಂಥ ತಿಳಿ ಬಣ್ಣದ ಮರವಾದರೆ ಸ್ಯಾಂಡ್ ಪೇಪರಿಗೆ ಕೈ ಹಾಕುವ ಮೊದಲು ಮರದ ರಂಧ್ರಗಳನ್ನು ಮುಚ್ಚಬೇಕು, ಇಲ್ಲವಾದರೆ ಹಿತ್ತಾಳೆಯ ಪುಡಿ ಅವುಗಳೊಳಗೆ ಕುಳಿತು ಹಳದಿ ಮೈಯೆಲ್ಲ ಮಸಿಯಾಗುತ್ತದೆ.

ಪೆನ್ನು ಕೊಂಡವರಿಗೆ ಇಷ್ಟು ಹೇಳುತ್ತೇನೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಸಾಧಾರಣ ಎಪಾಕ್ಸಿ ಆ ಶಾಖಕ್ಕೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಗೆರೆ ಉಗುರಿಗೆ ಹತ್ತಿದರೆ ಉಜ್ಜಿ ಸಮ ಮಾಡಲು ಹೋಗಬೇಡಿ. ಆಷಾಢದಲ್ಲಿ ಸಮ ಮಾಡಿದ ಮರ ಯುಗಾದಿಯ ಹೊತ್ತಿಗೆ ಹಿತ್ತಾಳೆಗಿಂತ ಕೆಳಗೆ ಕುಸಿದಿರುತ್ತದೆ, ಆಗ ನನಗೆ ಫೋನು ಮಾಡಿ ಪ್ರಯೋಜನವಿಲ್ಲ.