ಗುಂಡು ಹಾರಿದ ಕಲಾ ಪ್ರದರ್ಶನ

ಇವತ್ತು ಸುಮ್ನೆ ಚೀನಾದ ಕಲಾ ವಿಮರ್ಶಕ, ಕ್ಯುರೇಟರ್ (ಅಂದರೆ ಕಲಾ ಪ್ರದರ್ಶನ ರೂಪಿಸುವವರು) ಲೀ ಶ್ಯಾನ್‌ಟಿಂಗ್ ಬಗ್ಗೆ ಓದುತ್ತಾ ಕೂತೆ. 1989ರ ಫೆಬ್ರುವರಿಯಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿ ಹೊಸ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿದವರಲ್ಲಿ ಇವರೂ ಒಬ್ಬರು. ಅದರ ಗುರುತು ಏನು ಗೊತ್ತಾ? 'ಯು-ಟರ್ನ್ ಇಲ್ಲ' ಅನ್ನುವ ರಸ್ತೆ ಫಲಕ! ಒಬ್ಬ ಕಲಾವಿದ ಗ್ಯಾಲರಿ ಒಳಗೇ ಸೀಗಡಿ ಮಾರಿದ. ಶಿಯಾವ್ ಲೂ ಎಂಬ ಕಲಾವಿದೆ ತಮ್ಮದೇ ಕೃತಿಗೆ ಪಿಸ್ತೂಲಿನಿಂದ ಗುಂಡು ಹೊಡೆದರು. ಮೊದಲ ದಿನವೇ ಬಾಗಿಲು ಬಂದ್.

ಕ್ಯುರೇಟರ್ ಕೆಲಸ ಗೋಡೆಗೆ ಚಿತ್ರ ಜೋಡಿಸುವುದಷ್ಟೇ ಅಂದುಕೊಂಡವರು ಇದನ್ನೊಮ್ಮೆ ಓದಬೇಕು. ಆಮೇಲೆ ಲೀ ಬೀಜಿಂಗ್ ಹೊರವಲಯದ ಸೋಂಗ್‌ಜುವಾಂಗ್‌ನಲ್ಲಿ ನೆಲೆಸಿದರು. ಅಲ್ಲಿ ಕಲಾವಿದರ ದೊಡ್ಡ ಊರೇ ಬೆಳೆಯಿತು. ಲೀ ಸ್ವತಂತ್ರ ಸಿನಿಮಾಗಳ ಬೆನ್ನಿಗೂ ನಿಂತರು. 2014ರಲ್ಲಿ ಅಂಥ ಸಿನಿಮಾಗಳ ಬೀಜಿಂಗ್ ಸ್ವತಂತ್ರ ಚಿತ್ರೋತ್ಸವವನ್ನೂ ಅಧಿಕಾರಿಗಳು ನಿಲ್ಲಿಸಿದರು. ಆಗ ಲೀ ಅವರಿಗೆ ಅರವತ್ತು ದಾಟಿತ್ತು. ಆ ವಯಸ್ಸಿಗೆ ನಾನಾಗಿದ್ದರೆ ಪೆನ್ಷನ್ ಲೆಕ್ಕ ಹಾಕ್ತಾ ಕೂತಿರ್ತಿದ್ದೆ, ಅಷ್ಟೇ.