ಫಾದರ್ ಯಾಕೆ ಹೋದರು ಅಂತ ಕೇಳುವವರಿಗೆ

"ಅಷ್ಟು ಒಳ್ಳೆ ಫಾದರ್ ಮಾರಾಯ್ರೆ, ಯಾಕೆ ಕಳಿಸಿಬಿಟ್ರಿ?"

ಕರಾವಳಿಯ ಕೆಥೊಲಿಕ್ ಚರ್ಚುಗಳಲ್ಲಿ ವರ್ಗಾವಣೆ ಪಟ್ಟಿ ಬಂದ ಹಿಂದೆಯೇ ಈ ಪ್ರಶ್ನೆಯೂ ಬರುತ್ತದೆ. ಗುರುಗಳಿಗೆ ಸಲಹೆ ಕೊಡುವ ಚರ್ಚಿನವರ ಸಮಿತಿಯಾದ ಪಾಲನಾ ಮಂಡಳಿಯಲ್ಲಿ ಹೆಸರಿರುವ ಯಾರನ್ನೂ ಅದು ಬಿಡುವುದಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಕೇಳುತ್ತಾರೆ, ಮದುವೆ ಊಟದ ಸಾಲಿನಲ್ಲಿ ಕೇಳುತ್ತಾರೆ, ದುಬೈಯಿಂದ ವಾಟ್ಸಾಪಿನಲ್ಲಿ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾವು ಯಾರನ್ನೂ ಕಳಿಸಿಲ್ಲ. ಧರ್ಮಗುರುವನ್ನು ನೇಮಿಸುವುದು ಬಿಷಪರು, ವರ್ಗ ಮಾಡುವುದೂ ಬಿಷಪರೇ. ಕೆಥೊಲಿಕ್ ಧರ್ಮಸಭೆಯ ಕಾನೂನು ಪುಸ್ತಕವಾದ 1983ರ ಕ್ಯಾನನ್ ಸಂಹಿತೆಯ 536ನೇ ನಿಯಮ ಪಾಲನಾ ಮಂಡಳಿಗೆ ಸಲಹೆ ಕೊಡುವ ಅಧಿಕಾರವನ್ನಷ್ಟೇ ಕೊಟ್ಟಿದೆ. ಗುರುಗಳಿಗೆ ಸ್ಥಿರತೆ ಬೇಕು, ಹಾಗಾಗಿ ಅನಿರ್ದಿಷ್ಟ ಅವಧಿಗೆ ನೇಮಿಸಬೇಕು ಎನ್ನುತ್ತದೆ 522ನೇ ನಿಯಮ. ದೇಶದ ಬಿಷಪರ ಮಂಡಳಿ ಒಪ್ಪಿದ್ದರೆ ಇಂತಿಷ್ಟು ವರ್ಷವೆಂದು ನೇಮಿಸುವುದಕ್ಕೂ ಅದೇ ನಿಯಮದಲ್ಲಿ ಅವಕಾಶವಿದೆ. ನಮ್ಮ ಕಡೆ ನಡೆಯುವುದು ವರ್ಷದ ಲೆಕ್ಕವೇ. ಗುರುಗಳು ಹೋಗಲು ಒಪ್ಪದಿದ್ದರೆ ಕಾರಣ ಬರೆದು ಕೊಡಬಹುದು, ಆಗ ಬಿಷಪರು ಇಬ್ಬರು ಗುರುಗಳ ಜೊತೆ ಕೂತು ವಿಷಯ ತೂಗಿ ನೋಡಬೇಕು. ಧಾರ್ಮಿಕ ಸಭೆಗೆ (ವ್ರತ ತೊಟ್ಟ ಸನ್ಯಾಸಿಗಳ ಸಂಘಕ್ಕೆ) ಸೇರಿದ ಗುರುಗಳಾದರೆ ಅವರ ಮೇಲಧಿಕಾರಿಯೂ ವಾಪಸ್ ಕರೆಸಿಕೊಳ್ಳಬಹುದು. ಶಾಲೆ ಇರುವ ಚರ್ಚಿನಲ್ಲಿ ಗುರುಗಳೇ ಶಾಲೆಯ ಸಂಚಾಲಕರು. ಆದ್ದರಿಂದ ಬದಲಾವಣೆ ಸಾಮಾನ್ಯವಾಗಿ ಬೇಸಿಗೆ ರಜೆಯ ಕೊನೆಗೆ ಬೀಳುತ್ತದೆ. ಇದರ ಹಿಂದೆ ಯಾರ ಪಿತೂರಿಯನ್ನೂ ಹುಡುಕಬೇಕಾಗಿಲ್ಲ.

"ಸಹಿ ಸಂಗ್ರಹ ಮಾಡಬಹುದಿತ್ತಲ್ಲ" ಎನ್ನುವವರೂ ಇದ್ದಾರೆ. ಮಾಡಬಹುದು. ಬಿಷಪರಿಗೆ ಅಭಿಪ್ರಾಯ ತಿಳಿಸುವುದು 212ನೇ ನಿಯಮ ವಿಶ್ವಾಸಿಗಳಿಗೆ ಕೊಟ್ಟ ಹಕ್ಕು. ಆದರೆ ಒಬ್ಬರನ್ನು ಉಳಿಸಿಕೊಳ್ಳಲು ಇನ್ನೂರು ಸಹಿ ಹಾಕಿಸಿದರೆ ಮೂರು ಕೆಡುಕು ಖಂಡಿತ ಆಗುತ್ತವೆ. ಬರಲಿರುವವರಿಗೆ ತಾನು ಬೇಡದವನೆಂದು ಬರುವ ಮೊದಲೇ ತಿಳಿಯುತ್ತದೆ. ಹೋಗುವವರೇ ಜನರನ್ನು ಎತ್ತಿಕಟ್ಟಿದರು ಎಂಬ ಅನುಮಾನ ಅವರ ಮುಂದಿನ ಊರಿನವರೆಗೂ ಹೋಗುತ್ತದೆ. ಸಹಿ ಹಾಕಿದ ಮನೆ, ಹಾಕದ ಮನೆ ಎಂದು ವಾಳೆ (ಚರ್ಚಿನ ವಾರ್ಡು) ಎರಡಾಗುತ್ತದೆ. ಗುರುಗಳ ಪಾಲಕ ಸಂತ ಜಾನ್ ವಿಯಾನಿ 1818ರಿಂದ 1859ರವರೆಗೆ ಫ್ರಾನ್ಸಿನ ಆರ್ಸ್ ಎಂಬ ಒಂದೇ ಹಳ್ಳಿಯಲ್ಲಿದ್ದರು ಎಂದು ನೆನಪಿಸುವವರಿಗೂ ಒಂದು ಮಾತು: ಆ ಊರು ಬಿಟ್ಟುಹೋಗಲು ಅವರು ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಪಟ್ಟಿದ್ದರು. ಊರಿನವರಿಗೆ ಬೇಕಾಗಿದ್ದು ಗುರುಗಳಿಗೂ ಬೇಕಿತ್ತು ಎಂದು ನಾವೇ ತೀರ್ಮಾನಿಸಬಾರದು.

ವರ್ಗಾವಣೆಯಿಂದ ಚರ್ಚು ಕೆಡುವುದಿಲ್ಲ. ಹಸ್ತಾಂತರ ಸರಿಯಾಗದಿದ್ದರೆ ಕೆಡುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಬೀಳ್ಕೊಡುಗೆ ಸಮಾರಂಭಕ್ಕೆ ಶಾಲು, ಹಾರ, ಊಟ ಎಲ್ಲವೂ ಸಿದ್ಧವಾಗುತ್ತವೆ. ಕಪಾಟಿನ ಪುಸ್ತಕಗಳನ್ನು ಯಾರೂ ತೆರೆದು ನೋಡಿರುವುದಿಲ್ಲ. ಜ್ಞಾನಸ್ನಾನ (ಬ್ಯಾಪ್ಟಿಸಂ), ಮದುವೆ, ಮರಣ, ಈ ಮೂರರ ಪುಸ್ತಕ ಪ್ರತಿ ಚರ್ಚಿನಲ್ಲೂ ಇರಲೇಬೇಕು. ಮೂರರಲ್ಲಿ ಮುಖ್ಯ ಜ್ಞಾನಸ್ನಾನದ ಪುಸ್ತಕ, ಅದರಲ್ಲೂ ಷರಾ ಕಾಲಂ. ಒಬ್ಬರ ದೃಢೀಕರಣ (ಕನ್ಫರ್ಮೇಶನ್ ಸಂಸ್ಕಾರ), ಮದುವೆ, ಗುರುದೀಕ್ಷೆ, ಕನ್ಯಾಮಠದ ಶಾಶ್ವತ ವ್ರತ, ಎಲ್ಲಿ ನಡೆದರೂ ಅದು ಜ್ಞಾನಸ್ನಾನವಾದ ಚರ್ಚಿನ ಪುಸ್ತಕದಲ್ಲಿ ಆ ಹೆಸರಿನ ಎದುರು ದಾಖಲಾಗಬೇಕು. ಇಲ್ಲಿ ಜ್ಞಾನಸ್ನಾನವಾದ ಹುಡುಗಿ ಮುಂಬಯಿಯಲ್ಲಿ ಮದುವೆಯಾದರೆ ಅಲ್ಲಿನ ಗುರುಗಳು ಇಲ್ಲಿಗೆ ತಿಳುವಳಿಕೆ ಪತ್ರ ಕಳಿಸುತ್ತಾರೆ. ಆ ಪತ್ರ ಮೇಜಿನ ಡ್ರಾಯರಿಗೆ ಬೀಳುತ್ತದೆ, "ಆಮೇಲೆ ಬರೆಯೋಣ" ಎಂದಾಗುತ್ತದೆ, ಅಷ್ಟರಲ್ಲಿ ಗುರುಗಳು ಬದಲಾಗುತ್ತಾರೆ. ಮುಂದೆ ಯಾರಾದರೂ ಆಕೆಯ ಜ್ಞಾನಸ್ನಾನ ಪತ್ರ ಕೇಳಿದರೆ ಷರಾ ಖಾಲಿ: ಆಕೆ ಅವಿವಾಹಿತೆ. ಮೊದಲ ಮದುವೆ ಮುಚ್ಚಿಟ್ಟು ಎರಡನೆಯದಕ್ಕೆ ಹೊರಟವರಿಗೆ ಅಂಥದ್ದೊಂದು ಪತ್ರ ಸಾಕು. ಹಾಗಾಗಿ ಹೊರಡುವ ಗುರುಗಳಿಂದ ಮೊದಲು ಮಾಡಿಸಬೇಕಾದ ಕೆಲಸ ಡ್ರಾಯರ್ ಖಾಲಿ ಮಾಡಿಸುವುದು. ಬಂದ ಪತ್ರಗಳು ಷರಾ ಸೇರಬೇಕು, ಇಲ್ಲಿಂದ ಹೋಗಬೇಕಾದ ಪತ್ರಗಳು ಅಂಚೆಗೆ ಹೋಗಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಸರ್ಕಾರಕ್ಕೆ ಹೋಗಬೇಕಾದ ಮದುವೆ ವಿವರ ಬಾಕಿ ಇದ್ದರೆ ಅದನ್ನೂ ಆಗಲೇ ಮುಗಿಸಬೇಕು.

ಎರಡನೆಯದು ಪೂಜೆ ಬರೆಸಿದ ಪುಸ್ತಕ. ಹೊಸ ಗುರುಗಳ ಮೇಲೆ ಬರುವ ಮೊದಲ ಸಿಟ್ಟು ಬಹಳ ಸಲ ಇಲ್ಲಿಂದಲೇ ಹುಟ್ಟುತ್ತದೆ. ಕುವೈತಿನಲ್ಲಿರುವ ಮಗ ತಂದೆಯ ವರ್ಷಾಂತಿಕಕ್ಕೆಂದು ಆಗಸ್ಟಿನ ಪೂಜೆಯನ್ನು ಏಪ್ರಿಲ್‌ನಲ್ಲೇ ಬರೆಸಿರುತ್ತಾನೆ, ಹಣವನ್ನೂ ಕೊಟ್ಟಿರುತ್ತಾನೆ. ಹಳೆಯ ಗುರುಗಳು ಅದನ್ನು ತಮ್ಮ ಸ್ವಂತ ಡೈರಿಯಲ್ಲಿ ಬರೆದುಕೊಂಡು ಡೈರಿಯ ಜೊತೆ ಹೊರಟುಹೋದರೆ, ಆಗಸ್ಟಿನಲ್ಲಿ ಇಡೀ ಕುಟುಂಬ ಮುಂದಿನ ಬೆಂಚಿನಲ್ಲಿ ಕೂತಿರುವಾಗ ತಂದೆಯ ಹೆಸರು ಓದುವವರಿಲ್ಲ. ಬೈಗುಳ ಹೊಸಬರಿಗೆ. ಒಂದು ಕಾಣಿಕೆಗೆ ಒಂದು ಪೂಜೆ ಎನ್ನುವುದು ಧರ್ಮಸಭೆಯ ಕಟ್ಟುನಿಟ್ಟಿನ ನಿಯಮ, ಅದಕ್ಕೆ ಪ್ರತ್ಯೇಕ ಪುಸ್ತಕ ಇಡಬೇಕೆಂದು 958ನೇ ನಿಯಮ ಹೇಳುತ್ತದೆ. ಬಾಕಿ ಇರುವ ಪೂಜೆಗಳ ದಿನ, ಹೆಸರು, ಮೊತ್ತದ ಪಟ್ಟಿಯೂ ಅಷ್ಟೂ ಹಣವೂ ಒಟ್ಟಿಗೇ ಹೊಸಬರ ಕೈಗೆ ಬರಬೇಕು.

ಹಣದ ವಿಷಯದಲ್ಲಿ ಕಳ್ಳತನಕ್ಕಿಂತ ಹೆಚ್ಚು ಜಗಳ ತರುವುದು ಉದ್ದೇಶ ಬದಲಾವಣೆ. ಗುಡ್ಡದ ಕಪೇಲಿನ (ಸಣ್ಣ ಪ್ರಾರ್ಥನಾಲಯದ) ಮಾಡಿಗೆಂದು ಜನ ಕೊಟ್ಟದ್ದನ್ನು ಹೊಸಬರು ಧ್ವನಿವರ್ಧಕಕ್ಕೆ ಹಾಕುವಂತಿಲ್ಲ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆ ಅದಕ್ಕೇ ಸಲ್ಲಬೇಕು, 1267ನೇ ನಿಯಮ. ಆದರೆ ಬ್ಯಾಂಕ್ ಖಾತೆಯಲ್ಲಿ ಎಲ್ಲವೂ ಒಂದೇ ಮೊತ್ತವಾಗಿ ಕಾಣುತ್ತದೆ. ಆದ್ದರಿಂದ ಯಾವ ನಿಧಿಗೆ ಎಷ್ಟು ಎಂದು ಒಡೆದು ಬರೆದ ಹಾಳೆಗೆ ಇಬ್ಬರು ಗುರುಗಳೂ ಹಣಕಾಸು ಸಮಿತಿಯವರೂ ಸಹಿ ಹಾಕಬೇಕು. ಪಾಲನಾ ಮಂಡಳಿ ಬೇಕೋ ಬೇಡವೋ ಎನ್ನುವುದನ್ನು ಸಂಹಿತೆ ಬಿಷಪರಿಗೆ ಬಿಟ್ಟಿದೆ, ಹಣಕಾಸು ಸಮಿತಿಯನ್ನು ಮಾತ್ರ ಕಡ್ಡಾಯ ಮಾಡಿದೆ. ಅದು ಇರುವುದೇ ಇಂಥ ದಿನಕ್ಕೆ. ವಿದೇಶದಿಂದ ಕಳಿಸುವೆನೆಂದು ಯಾರೋ ಮಾತು ಕೊಟ್ಟ ಹಣವಿದ್ದರೆ ಕೊಡುವವರ ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ ಪ್ರಜೆ ಅಲ್ಲಿ ದುಡಿದು ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿಲ್ಲದ ಖಾತೆಗೆ ಅದು ಬರಲೇಬಾರದು. ಬ್ಯಾಂಕಿನಲ್ಲಿ ಸಹಿ ಬದಲಾಗಲು ನಿರ್ಣಯದ ಪ್ರತಿ, ಕೆವೈಸಿ ಎಂದು ದಿನಗಳು ಹಿಡಿಯುತ್ತವೆ. ಅಡುಗೆಯವರ ಮತ್ತು ಇಗರ್ಜಿ ಕೆಲಸದವರ ಆ ತಿಂಗಳ ಸಂಬಳದ ಚೆಕ್ಕನ್ನು ಹಳೆಯ ಸಹಿ ಇರುವಾಗಲೇ ಬರೆಸಿಡಿ.

ಇಷ್ಟನ್ನೂ ಬರೆದು, ಎಣಿಸಿ, ಸಹಿ ಹಾಕಿ ಒಪ್ಪಿಸುತ್ತಾರೆ ಎಂದಿಟ್ಟುಕೊಳ್ಳಿ. ಆಗಲೂ ಒಂದು ಪಟ್ಟಿ ಬರವಣಿಗೆಯಿಲ್ಲದೆ ಕೈಬದಲಾಗುತ್ತದೆ. ಹೊಸ ಗುರುಗಳು ಬಂದ ಮೊದಲ ವಾರ ಯಾರಾದರೂ ಹಿರಿಯರು, ಕೆಲವು ಸಲ ವಾಳೆಯ ಮುಖ್ಯಸ್ಥರಾದ ಗುರಿಕಾರರೇ, ಹೋಗಿ ಕಿವಿಯಲ್ಲಿ ಹಾಕುತ್ತಾರೆ: "ಫಾದರ್, ಆ ಮನೆಯವರು ಪೂಜೆಗೆ ಬರುವವರಲ್ಲ. ವಂತಿಗೆ ಎಷ್ಟೋ ವರ್ಷದ ಬಾಕಿ. ಒಂದು ದಿನ ಪತ್ರಕ್ಕೆ ಬಂದೇ ಬರುತ್ತಾರೆ, ಆಗ ಹಿಡಿಯಿರಿ."

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಬಯಸುವ ಪ್ರಶ್ನೆ ಇದು: ಚರ್ಚಿಗೆ ಬಾರದವರನ್ನು ನೀವು ಏನು ಮಾಡುತ್ತೀರಿ? ಗುರುಗಳು ಯಾಕೆ ಹೋದರು ಎಂದು ಕೇಳುವಷ್ಟು ಜೋರಾಗಿ ಇದನ್ನು ಕೇಳುವವರಿಲ್ಲ. ಆ ಮನೆಯವರು ಹೋಗಿ ಎಷ್ಟೋ ವರ್ಷವಾಯಿತು, ಅವರಿಗೆ ಬೀಳ್ಕೊಡುಗೆಯೂ ಆಗಲಿಲ್ಲ.

"ಆಗ ಹಿಡಿಯಿರಿ" ಎನ್ನುವವರು ಕಾಯುವುದು ಮೂರು ಸಂದರ್ಭಕ್ಕೆ: ಮಗುವಿನ ಜ್ಞಾನಸ್ನಾನ, ಮಕ್ಕಳ ಮದುವೆ, ಮನೆಯಲ್ಲೊಂದು ಸಾವು. ಈ ಮೂರರಲ್ಲೂ ಚರ್ಚು ಕೇಳಬಹುದಾದದ್ದು ಇದೆ, ಕೇಳಬಾರದ್ದೂ ಇದೆ. ಎರಡನ್ನೂ ಕಲಸಿಹಾಕಿದ್ದರಿಂದಲೇ ಜನರ ಮನಸ್ಸು ಒಡೆದಿದೆ.

ಜ್ಞಾನಸ್ನಾನಕ್ಕೆ ತಂದೆತಾಯಿಗಳಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ವಿಶ್ವಾಸದಲ್ಲಿ ಬೆಳೆಯುವ ಭರವಸೆಗೆ ಆಧಾರ ಇರಬೇಕು. ತಯಾರಿ ತರಗತಿಗೆ ಬನ್ನಿ ಎನ್ನಬಹುದು. ಜ್ಞಾನಪೋಷಕರಿಗೆ (ಗಾಡ್‌ಪೇರೆಂಟ್‌ಗಳಿಗೆ) ಸಾಮಾನ್ಯವಾಗಿ 16 ತುಂಬಿರಬೇಕು, ದೃಢೀಕರಣ ಆಗಿರಬೇಕು, ಅದಕ್ಕೆ ಪತ್ರ ಕೇಳುವುದೂ ಸರಿ. ವಂತಿಗೆ ರಶೀದಿ ಕೇಳುವುದು ಸರಿಯಲ್ಲ. ಬಡತನದಿಂದಾಗಿ ಯಾರೂ ಸಂಸ್ಕಾರದಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕೆಂದು 848ನೇ ನಿಯಮ ಹೇಳುತ್ತದೆ. ಸರಿಯಾದ ರೀತಿಯಲ್ಲಿ ಕೇಳಿದವರಿಗೆ, ಸಿದ್ಧರಿರುವವರಿಗೆ, ನಿಯಮದ ಅಡ್ಡಿಯಿಲ್ಲದವರಿಗೆ ಸಂಸ್ಕಾರ ನಿರಾಕರಿಸುವಂತಿಲ್ಲ ಎನ್ನುತ್ತದೆ 843. ಬಾಕಿ ಹಣ ಆ ಅಡ್ಡಿಗಳಲ್ಲಿ ಸೇರಿಲ್ಲ.

ಮದುವೆಗೆ ಹೊಸದಾಗಿ ತೆಗೆಸಿದ ಜ್ಞಾನಸ್ನಾನ ಪತ್ರ, ವಿವಾಹಪೂರ್ವ ಶಿಬಿರ, ಚರ್ಚಿನಲ್ಲಿ ಪ್ರಕಟಣೆ, ಇವೆಲ್ಲ ಬೇಕು. ಹುಡುಗನೋ ಹುಡುಗಿಯೋ ಹಿಂದೂ ಆಗಿದ್ದರೆ ಅವರು ಕ್ರೈಸ್ತರಾಗಲೇಬೇಕು ಎಂದು ಮನೆಯವರು ಹಟ ಹಿಡಿಯುತ್ತಾರೆ, ಕೆಲವು ಕಡೆ ಗುರುಗಳೂ ತಲೆಯಾಡಿಸುತ್ತಾರೆ. ಹಾಗೊಂದು ನಿಯಮವೇ ಇಲ್ಲ. ಬಿಷಪರ ವಿನಾಯಿತಿ ಪಡೆದು ಮದುವೆ ನಡೆಸಬಹುದು. ತನ್ನ ವಿಶ್ವಾಸ ಉಳಿಸಿಕೊಳ್ಳುವೆ, ಮಕ್ಕಳಿಗೂ ಅದನ್ನು ಕೊಡಲು ಕೈಲಾದಷ್ಟು ಯತ್ನಿಸುವೆ ಎಂದು ಮಾತು ಕೊಡಬೇಕಾದವರು ಕೆಥೊಲಿಕರು. ಎದುರಿನವರಿಗೆ ಆ ಮಾತು ತಿಳಿದಿದ್ದರೆ ಸಾಕು. ಮದುವೆ ದಿನ ಹತ್ತಿರ ಬಂತೆಂದು ಅವಸರದಲ್ಲಿ ಕೊಡಿಸುವ ಜ್ಞಾನಸ್ನಾನ ಕೊಟ್ಟವರಿಗೂ ಪಡೆದವರಿಗೂ ಅನ್ಯಾಯ. ಯಾರನ್ನೂ ಅವರ ಆತ್ಮಸಾಕ್ಷಿಗೆ ವಿರುದ್ಧವಾಗಿ ಬಲವಂತದಿಂದ ವಿಶ್ವಾಸಕ್ಕೆ ತರಕೂಡದೆಂದು 748ನೇ ನಿಯಮ ನೇರವಾಗಿ ಹೇಳುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಹೇಳಿದ್ದೂ ಇದನ್ನೇ. ಹೊರಗಿನವರನ್ನು ಬಲವಂತದಿಂದ ಒಳಗೆ ತರಬಾರದು ಎಂದಾದರೆ, ಒಳಗಿದ್ದವರನ್ನು ಕಾಗದ ಹಿಡಿದು ಕಟ್ಟಿಹಾಕುವುದು ಹೇಗೆ ಸರಿಯಾದೀತು?

ಸಾವಿನ ವಿಷಯದಲ್ಲಿ ನನಗೆ ತಾಳ್ಮೆಯೇ ಇಲ್ಲ. ಅಂತ್ಯಸಂಸ್ಕಾರ ಯಾರಿಗೆ ನಿರಾಕರಿಸಬಹುದೆಂದು 1184ನೇ ನಿಯಮ ಎಣಿಸಿ ಹೇಳುತ್ತದೆ: ಎಲ್ಲರಿಗೂ ತಿಳಿಯುವಂತೆ ವಿಶ್ವಾಸ ತೊರೆದವರು, ವಿಶ್ವಾಸಕ್ಕೆ ವಿರುದ್ಧವಾದ ಕಾರಣಕ್ಕಾಗಿ ದಹನ ಆರಿಸಿಕೊಂಡವರು, ಜನರಿಗೆ ಆಘಾತವಾಗುವಂತೆ ಬಹಿರಂಗ ಪಾಪದಲ್ಲಿ ಬದುಕಿದವರು. ಅವರೂ ಸಾಯುವ ಮೊದಲು ಪಶ್ಚಾತ್ತಾಪದ ಸುಳಿವು ಕೊಟ್ಟಿದ್ದರೆ ಸಂಸ್ಕಾರ ಸಿಗಬೇಕು. ಅನುಮಾನ ಬಂದರೆ ಬಿಷಪರನ್ನು ಕೇಳಬೇಕು. ಆತ್ಮಹತ್ಯೆ ಮಾಡಿಕೊಂಡವರು 1917ರ ಸಂಹಿತೆಯ ಪಟ್ಟಿಯಲ್ಲಿದ್ದರು, 1983ರದ್ದರಲ್ಲಿ ಇಲ್ಲ. ವಂತಿಗೆ ಬಾಕಿ ಇಟ್ಟವರು ಎರಡರಲ್ಲೂ ಇಲ್ಲ. ಹೆಣ ಮನೆಯಲ್ಲಿರುವಾಗ ಬಾಕಿ ಲೆಕ್ಕ ತೆಗೆಯುವವರಿಗೆ ಧರ್ಮಸಭೆಯ ಯಾವ ನಿಯಮದ ಆಸರೆಯೂ ಇಲ್ಲ. ಆ ಕುಟುಂಬ ಹಣ ಕೊಟ್ಟು ಹೆಣ ಹೂಳಬಹುದು, ಆದರೆ ಆಮೇಲೆ ಮೂರು ತಲೆಮಾರು ಚರ್ಚಿನ ಕಡೆ ಮುಖ ಹಾಕದಿದ್ದರೆ ಆಶ್ಚರ್ಯ ಯಾಕೆ?

"ಹಾಗಾದರೆ ಚರ್ಚು ನಡೆಸುವುದು ಹೇಗೆ?" ಕೇಳಿ ತೆಗೆದುಕೊಳ್ಳುವುದು. ಚರ್ಚಿನ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯವೇ, 222ನೇ ನಿಯಮ. ಬೇಡಿ ಪಡೆಯುವುದಕ್ಕೂ ಹಿಡಿದು ಕೀಳುವುದಕ್ಕೂ ಇರುವ ದೂರವನ್ನು ನಾವು ಕಾಯ್ದುಕೊಳ್ಳಬೇಕು. ಭಾನುವಾರದ ಕಾಣಿಕೆಯನ್ನು ಅದೇ ದಿನ, ಒಂದೇ ಮನೆಯವರಲ್ಲದ ಮೂವರು ಕೂತು ಎಣಿಸಿ ಸಹಿ ಹಾಕಲಿ. ತಿಂಗಳ ಆದಾಯ, ಖರ್ಚು ಬಾಗಿಲಲ್ಲಿ ತೂಗಲಿ. ಎಲ್ಲಿ ಹೋಯಿತೆಂದು ಕಾಣುವ ಕಡೆ ಜನ ಕೊಡುತ್ತಾರೆ. ಬಾಕಿದಾರರ ಹೆಸರುಗಳನ್ನು ಮಾತ್ರ ಯಾವ ಬೋರ್ಡಿಗೂ ಹಾಕಬಾರದು.

ಬಾರದವರ ಮನೆಗೆ ಹೋಗಬೇಕು, ಅವರಿಗೆ ನಮ್ಮಿಂದ ಯಾವ ಕಾಗದವೂ ಬೇಕಿಲ್ಲದ ಕಾಲದಲ್ಲಿ. ಇದಕ್ಕೆ ಹೊಸ ಗುರುಗಳ ಮೊದಲ ಆರು ತಿಂಗಳಿನಷ್ಟು ಒಳ್ಳೆಯ ಸಮಯ ಬೇರೆ ಇಲ್ಲ, ಹಳೆಯ ಜಗಳದಲ್ಲಿ ಅವರ ಪಾಲಿಲ್ಲವಲ್ಲ. ಜೊತೆಗೆ ಹೋಗುವವರು ವಂತಿಗೆ ವಸೂಲಿಯವರಾಗಿರಬಾರದು, ರಶೀದಿ ಪುಸ್ತಕ ಚರ್ಚಿನಲ್ಲೇ ಇರಲಿ. "ಯಾಕೆ ಬರುವುದಿಲ್ಲ" ಎಂದು ಬಾಗಿಲಲ್ಲೇ ಕೇಳಬೇಡಿ. ಮಕ್ಕಳು ಎಲ್ಲಿದ್ದಾರೆ, ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿ. ಅವರೇ ಹಳೆಯದನ್ನು ತೆಗೆದರೆ ವಾದಿಸದೆ ಕೇಳಿಸಿಕೊಳ್ಳಿ. ಪ್ರಾರ್ಥನೆ ಬೇಡ ಎಂದರೆ ಬೇಡ. ಚಹಾ ಕೊಟ್ಟರೆ ಕುಡಿದು ಬನ್ನಿ.

ಇಷ್ಟಾದ ಮೇಲೂ ಎಲ್ಲಾದರೂ ಹಣದ ಕಾರಣಕ್ಕೆ ಸಂಸ್ಕಾರ ತಡೆದರೆ ಆಗ ಬಿಷಪರಿಗೆ ಬರೆಯಿರಿ. ಯಾವ ದಿನ, ಯಾವ ಸಂಸ್ಕಾರ ಕೇಳಿದ್ದು, ಕೇಳಿದ್ದು ಯಾರು, ಕೊಟ್ಟ ಕಾರಣ ಏನು, ಅಷ್ಟು ಒಂದು ಪುಟದಲ್ಲಿ ಇರಲಿ. ಗುರುಗಳ ಗುಣದ ಬಗ್ಗೆ ಒಂದು ಸಾಲೂ ಬೇಡ. ಕುಟುಂಬದವರೇ ಸಹಿ ಹಾಕಲಿ, ಪ್ರತಿ ನಿಮ್ಮಲ್ಲಿರಲಿ. ಸಾವಿನ ಮನೆಯಾದರೆ ಪತ್ರಕ್ಕೆ ಸಮಯವಿರುವುದಿಲ್ಲ. ವಲಯದ ಪ್ರಧಾನ ಗುರುಗಳಿಗೆ ಆಗಿಂದಾಗಲೇ ಫೋನ್ ಮಾಡಿ, ಅವರು ಸಿಗದಿದ್ದರೆ ನೇರ ಬಿಷಪರ ಕಚೇರಿಗೆ.